ಉಗುರು ಬಂದ ಮೇಲೆ

ಹಲ್ಲು ಬಿದ್ದರೆ ಜನ ಊರಿಗೆಲ್ಲ ಹೇಳಿಕೊಂಡು ಬರುತ್ತಾರೆ. ಕೂದಲು ಉದುರಿದರೆ ಎಣ್ಣೆ ಬದಲಿಸುತ್ತಾರೆ. ಕಣ್ಣು ಮಂಜಾದರೆ ಸೋಲಾಪುರದವರೆಗೂ ಹೋಗಿ ಚಾಳೀಸು ಮಾಡಿಸಿಕೊಂಡು ಬರುತ್ತಾರೆ. ಕಾಲಿನ ಹೆಬ್ಬೆರಳಿನ ಉಗುರಿನ ವಿಷಯದಲ್ಲಿ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಅದು ದೇಹದ ತೀರ ಕೆಳಗಿನ ತುದಿಯಲ್ಲಿ, ಕಣ್ಣಿಗೆ ಆದಷ್ಟು ದೂರದಲ್ಲಿ, ಧೂಳು ತಿನ್ನುತ್ತ, ಯಾರ ಗೊಡವೆಗೂ ಹೋಗದೆ ತನ್ನಷ್ಟಕ್ಕೆ ಬೆಳೆಯುತ್ತಿರುತ್ತದೆ. ಚಿಕ್ಕವರಿದ್ದಾಗ ತಾಯಿ ಕಾಲು ಹಿಡಿದು ಕೂರಿಸಿ ಕತ್ತರಿಸುತ್ತಾಳೆ. ಸಂಸಾರವಾದ ಮೇಲೆ ಹೆಂಡತಿ "ನಿಮ್ಮ ಉಗುರಿಗೆ ಹಾಸಿಗಿ ಹರಿಯಾಕತ್ತಾವ" ಎಂದು ಬೈದು, ಕತ್ತರಿ ಕೈಗೆ ಕೊಡುತ್ತಾಳೆ. ತಾಯಿ ಹೋಗಿ, ಹೆಂಡತಿ ಇನ್ನೂ ಬಾರದೆ ನಡುವೆ ಸಿಕ್ಕಿಕೊಂಡ ಗಂಡಸಿನ ಉಗುರಿಗೆ ದಿಕ್ಕು ದೆಸೆ ಇರುವುದಿಲ್ಲ. ನಾನು ಅಂಥ ಗಂಡಸು. ನನ್ನ ಜೀವನದ ಕೆಲವು ವರ್ಷ ನನಗೆ ತೀರ ಹತ್ತಿರದ ನೆಂಟನೆಂದರೆ ನನ್ನ ಬಲಗಾಲಿನ ಹೆಬ್ಬೆರಳಿನ ಉಗುರು. ಇದನ್ನು ತಮಾಷೆಗಾಗಿ ಹೇಳುತ್ತಿಲ್ಲ. ಹೇಳಿದಾಗ ತಮಾಷೆಯಾಗಿ ಕೇಳಿಸುತ್ತದೆ, ಅದಕ್ಕೆ ನಾನೇನು ಮಾಡಲಿ.

ಎಪ್ಪತ್ತರ ದಶಕದ ಮಾತು. ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರನಾಗಿದ್ದೆ. ತಂದೆತಾಯಿ ತೀರಿಕೊಂಡಿದ್ದರು. ಇಂಡಿಯಲ್ಲಿ ಒಬ್ಬಳು ಅಕ್ಕ, ಅವಳ ಗಂಡನಿಗೆ ಲಿಂಬೆಯ ತೋಟ. ಅವರನ್ನು ಬಿಟ್ಟರೆ ನನ್ನವರು ಎನ್ನುವವರು ಯಾರೂ ಇರಲಿಲ್ಲ. ವಯಸ್ಸು ಮೂವತ್ತು ದಾಟಿತ್ತು; ಎಷ್ಟು ದಾಟಿತ್ತು ಎಂದು ಕೇಳಿದವರಿಗೆ ಅಕ್ಕ ಹೇಳುತ್ತಿದ್ದುದೇ ಬೇರೆ. ಶಾಲೆಯಲ್ಲಿ ಆರೋಗ್ಯದ ಪಾಠ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ಉಗುರಿನ ಪಾಠವನ್ನು ನಾನು ಮನಸ್ಸಿಟ್ಟು ಮಾಡುತ್ತಿದ್ದೆ. ಹಲಗೆಯ ಮೇಲೆ ಸೋರೆಕಾಯಿಯಷ್ಟು ದೊಡ್ಡ ಬೆರಳು ಬರೆದು, ಚರ್ಮದ ಕೆಳಗೆ ಅಡಗಿದ ಬೇರು, ಅದರ ಮುಂದೆ ಬೆಳ್ಳಗೆ ಕಾಣುವ ಅರ್ಧಚಂದ್ರ, ಉಗುರು ಮೈಚಾಚಿ ಮಲಗಿರುವ ಕೆಂಪು ಹಾಸು, ಎಲ್ಲವನ್ನೂ ಬಣ್ಣದ ಸೀಮೆಸುಣ್ಣದಲ್ಲಿ ತೋರಿಸುತ್ತಿದ್ದೆ. ಉಗುರೆಂದರೆ ಸತ್ತ ವಸ್ತು, ದನದ ಗೊರಸು, ನಮ್ಮ ಕೂದಲು, ಉಗುರು ಎಲ್ಲ ಒಂದೇ ಕುಲ, ಜೀವವಿರುವುದು ಬೇರಿನಲ್ಲಿ ಮಾತ್ರ ಎನ್ನುತ್ತಿದ್ದೆ. ಕೈಯ ಉಗುರು ಬೇಗ ಬೆಳೆಯುತ್ತದೆ, ಕಾಲಿನದು ನಿಧಾನ, ಅದರಲ್ಲೂ ಹೆಬ್ಬೆರಳಿನದು ಪೂರ್ತಿ ಬರುವುದು ತೀರ ಸಾವಕಾಶ. ಮೈಯಲ್ಲಿ ರಕ್ತ ಕಡಿಮೆಯಾದವರ ಉಗುರು ಚಮಚದ ಹಾಗೆ ತಗ್ಗು ಬೀಳುತ್ತದೆ, ದೊಡ್ಡ ಜ್ವರ ಬಂದು ಹೋದವರ ಉಗುರಿನ ಮೇಲೆ ಅಡ್ಡಗೆರೆ ಮೂಡುತ್ತದೆ. ಹೀಗಾಗಿ ಮನುಷ್ಯನ ಮುಖಕ್ಕಿಂತ ಮೊದಲು ಉಗುರು ನೋಡುವುದು ನನಗೆ ಚಟವಾಗಿಬಿಟ್ಟಿತ್ತು. ಬಸ್ಸಿನಲ್ಲಿ ಟಿಕೀಟು ಕೊಡುವ ಕಂಡಕ್ಟರನ ಮುಖ ನೆನಪಿರುತ್ತಿರಲಿಲ್ಲ, ಅವನ ಹೆಬ್ಬೆರಳಿನ ಉಗುರು ನೆನಪಿರುತ್ತಿತ್ತು.

ಸೋಮವಾರ ಪ್ರಾರ್ಥನೆಯಾದ ಮೇಲೆ ಮಕ್ಕಳ ಉಗುರು ತಪಾಸಣೆ ಮಾಡುವ ಅಧಿಕಾರವೂ ನನ್ನದೇ. ಮಕ್ಕಳು ಸಾಲಾಗಿ ಎರಡೂ ಕೈ ಮುಂದೆ ಚಾಚಿ ನಿಲ್ಲುತ್ತಿದ್ದರು. ನಾನು ಫೂಟುಪಟ್ಟಿ ಹಿಡಿದುಕೊಂಡು ಒಂದು ತುದಿಯಿಂದ ಹೊರಟರೆ, ಇನ್ನೊಂದು ತುದಿಯಲ್ಲಿದ್ದವರು ನಾನು ತಲುಪುವುದರೊಳಗೆ ಹಲ್ಲಿನಿಂದಲೇ ಉಗುರು ಸಾಫು ಮಾಡಿಕೊಂಡಿರುತ್ತಿದ್ದರು. ಇಂಥ ಅಧಿಕಾರಿಯ ಸ್ವಂತ ಉಗುರಿಗೇ ಗ್ರಹಚಾರ ವಕ್ಕರಿಸಬೇಕೇ? ನಮ್ಮ ಶಾಲೆಯ ಗಂಟೆ ಎಂದರೆ ಬೇವಿನ ಮರಕ್ಕೆ ತಂತಿಯಿಂದ ತೂಗುಬಿಟ್ಟ ರೈಲುಹಳಿಯ ಒಂದು ತುಂಡು. ಒಂದು ದಿನ ಜವಾನ ಬಂದಿರಲಿಲ್ಲ, ನಾನೇ ಹೋಗಿ ಗಂಟೆ ಬಾರಿಸಿದೆ. ಒಂದೇ ಏಟಿಗೆ ತಂತಿ ಹರಿದು, ಹಳಿ ನೆಟ್ಟಗೆ ನನ್ನ ಹೆಬ್ಬೆರಳಿನ ಮೇಲೆ ಇಳಿಯಿತು. ಅವತ್ತು ಗಂಟೆಗಿಂತ ನನ್ನ ಕೂಗೇ ದೊಡ್ಡದಾಗಿ ಕೇಳಿಸಿ, ಮಕ್ಕಳು ಶಾಲೆ ಬಿಟ್ಟಿತೆಂದು ಮನೆಗೆ ಹೋದರು.

ಉಗುರು ಮೊದಲು ನೀಲಿಯಾಯಿತು, ಆಮೇಲೆ ಕಪ್ಪಾಯಿತು, ಕೊನೆಗೆ ಒಂದು ದಿನ ಸ್ನಾನ ಮಾಡುವಾಗ ಬಚ್ಚಲಿನಲ್ಲಿ ಕಳಚಿಕೊಂಡು ಹೋಯಿತು. ಹೋದದ್ದಕ್ಕೆ ನನಗೆ ದುಃಖವಾಗಲಿಲ್ಲ. ಅದರ ಜಾಗಕ್ಕೆ ಬಂದದ್ದನ್ನು ನೋಡಿ ದುಃಖವಾಯಿತು. ಹಳದಿ ಬಣ್ಣ, ಮೇಲೆಲ್ಲ ಏರುತಗ್ಗು, ಕೆಳಗೆ ಬೂಷ್ಟು ಹಿಡಿದ ಹಿಟ್ಟಿನಂಥ ಪುಡಿ. ಉದ್ದಕ್ಕೆ ಬೆಳೆಯುವ ಬದಲು ದಪ್ಪಕ್ಕೆ ಬೆಳೆದು, ಟಗರಿನ ಕೊಂಬಿನಂತೆ ಒಂದು ಪಕ್ಕಕ್ಕೆ ಹೊರಳಿಕೊಂಡಿತು. ಕತ್ತರಿಗೆ ಅದು ಜಗ್ಗುತ್ತಿರಲಿಲ್ಲ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಯಾಕೆ ಎನ್ನುತ್ತಾರೆ. ನನ್ನ ಉಗುರಿಗೇ ಕೊಡಲಿ ಬೇಕಾಗಿತ್ತು. ಮಕ್ಕಳ ಕಣ್ಣಿಗೆ ಬೀಳಬಾರದೆಂದು ಕ್ಯಾನ್ವಾಸ್ ಬೂಟು, ಕಾಲುಚೀಲ ಕೊಂಡೆ. ಬಿಸಿಲಿಗೆ ಕಾಗೆಯೂ ಬಾಯಿ ಕಳೆದುಕೊಂಡು ಕೂರುವ ಸಿಂದಗಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾಲುಚೀಲ ಹಾಕಿಕೊಂಡ ಏಕಮಾತ್ರ ಮನುಷ್ಯ ನಾನಾದೆ. ಬೆವರು ತಾಗಿದ ಕಡೆ ಬೂಷ್ಟು ಹೆಚ್ಚುತ್ತದೆಂದು ನಾನೇ ಮಕ್ಕಳಿಗೆ ಪಾಠ ಮಾಡಿದ್ದೆ. ಮಾಡಿ, ಅದೇ ಬೂಟಿನಲ್ಲಿ ಮನೆಗೆ ಬರುತ್ತಿದ್ದೆ.

ಔಷಧ ಹೇಳುವವರಿಗೆ ಬರವಿರಲಿಲ್ಲ. ನನ್ನ ಮನೆಯೊಡತಿ ರುಕ್ಮಾಬಾಯಿ, ಇಡೀ ಓಣಿಗೆ ಕಾಕು, ಅಂದರೆ ಚಿಕ್ಕಮ್ಮ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಅವರು ಮದರಂಗಿ ಅರೆದು ಕಟ್ಟಿಸಿದರು. ಹಳದಿ ಇದ್ದ ಕೊಂಬು ಕೆಂಪಾಯಿತು, ಅಷ್ಟೇ. ಇಂಡಿಯ ಅಕ್ಕನಿಗೆ ಲಿಂಬೆಹಣ್ಣಿನಿಂದ ವಾಸಿಯಾಗದ ರೋಗವೇ ಜಗತ್ತಿನಲ್ಲಿಲ್ಲ. ಕೈಬೆರಳಿಗೆ ಉಗುರುಸುತ್ತು ಆದಾಗ ಲಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಟೋಪಿಯಂತೆ ತೊಡಿಸುತ್ತಾರಲ್ಲ, ಹಾಗೇ ಕಾಲಿಗೂ ತೊಡಿಸು ಎಂದಳು. ಹೆಬ್ಬೆರಳು ಲಿಂಬೆಯಲ್ಲಿ ಹಿಡಿಸಲಿಲ್ಲ. ಅವಳು ಸೋಲುವವಳಲ್ಲ, ಲಿಂಬೆಗಿಂತ ದೊಡ್ಡದಾದ ಮಾದಲದ ಹಣ್ಣು ಕಳಿಸಿಕೊಟ್ಟಳು. ಒಂದು ಭಾನುವಾರ ನಾನು ಮಾದಲದ ಹಣ್ಣಿನಲ್ಲಿ ಹೆಬ್ಬೆರಳು ತೂರಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದಾಗ ಹೋಗಿಬರುವವರೆಲ್ಲ ನಿಂತು ನೋಡಿದರು. ಸುಳ್ಳು ಯಾಕೆ ಹೇಳಲಿ, ಅವತ್ತು ಬಹಳ ಜನ ನನ್ನನ್ನು ಮಾತಾಡಿಸಿದ್ದಕ್ಕೆ ಸಂತೋಷವಾಯಿತು.

ಏಕೆಂದರೆ ಬೇರೆ ದಿನ ನನ್ನ ಜೊತೆ ಮಾತಾಡುವವರು ಕಡಿಮೆ. ಶಾಲೆಯಲ್ಲಿ ಗದ್ದಲವಿರುತ್ತಿತ್ತು, ಆದರೆ ಅದು ನನಗಾಗಿ ಮಾಡಿದ ಗದ್ದಲವಲ್ಲ. ಸಂಜೆ ಖಾನಾವಳಿಯಲ್ಲಿ ರೊಟ್ಟಿ, ಝುಣಕ ತಿಂದು ಕೋಣೆಗೆ ಬಂದು ಚಿಲಕ ಹಾಕಿಕೊಂಡರೆ ಮುಗಿಯಿತು. ಬೂಟು ಬಿಚ್ಚಿ, ಕಾಲು ಚಾಚಿ ಆ ಉಗುರನ್ನು ನೋಡುತ್ತ ಕೂರುತ್ತಿದ್ದೆ. ಆ ಕೋಣೆಯಲ್ಲಿ ಬೆಳೆಯುತ್ತಿದ್ದದ್ದು ಅದೊಂದೇ. "ಏನಪ್ಪಾ, ಇವತ್ತ ಹೆಂಗಿದ್ದಿ?" ಎಂದು ಕೇಳಿದ್ದೂ ಉಂಟು. ಕಾಕು ಗೋಡೆಯಾಚೆಯಿಂದ ಕೇಳಿಸಿಕೊಂಡು, "ಮಾಸ್ತರ, ಯಾರ್ ಬಂದಾರ್ರಿ?" ಎಂದಾಗ ಏನು ಹೇಳುವುದು? ಉಗುರು ಕತ್ತರಿಸುವುದಕ್ಕೂ ಅವರ ಕಾಯಿದೆಗಳಿದ್ದವು. ಮಂಗಳವಾರ ಬೇಡ, ಶುಕ್ರವಾರ ಬೇಡ, ಶನಿವಾರ ಕೂಡದು, ಅಮಾವಾಸ್ಯೆಗಂತೂ ಇಲ್ಲವೇ ಇಲ್ಲ, ದೀಪ ಹಚ್ಚಿದ ಮೇಲೆ ಎಂದೂ ಇಲ್ಲ. "ಕತ್ತರಿಸಿದ ಉಗುರು ಒಳಗ ಚೆಲ್ಲಬ್ಯಾಡ್ರಿ ಮಾಸ್ತರ, ಮನ್ಯಾಗ ಜಗಳಾ ಆಗ್ತಾವ" ಎಂದು ಅವರು ಹೇಳಿದ ದಿನದಿಂದ ನಾನು ಬೇಕೆಂದೇ ಒಳಗೆ ಚೆಲ್ಲತೊಡಗಿದೆ. ಜಗಳವಾಡುವುದಕ್ಕಾದರೂ ಒಬ್ಬರು ಬರಲಿ ಎಂದು ನನ್ನ ಆಸೆ. ಯಾರೂ ಬರಲಿಲ್ಲ. ಕಸ ಹೆಚ್ಚಾಯಿತು.

ಅಕ್ಕ ಹೆಣ್ಣು ಹುಡುಕದೆ ಸುಮ್ಮನೆ ಕೂತಿರಲಿಲ್ಲ. ಮೊದಲು ಕನ್ನೊಳ್ಳಿಯ ಒಂದು ಮನೆ ನೋಡಿದ್ದೆವು. ಅವರು "ಹುಡುಗಿ ಕಾಕಾ ಬರ್ಲಿ, ಒಂದ್ ಮಾತ್ ಕೇಳಿ ತಿಳಸ್ತೇವ್ರಿ" ಎಂದರು. ಆ ಕಾಕಾ ಇವತ್ತಿನವರೆಗೂ ಬಂದಿಲ್ಲ. ನಮ್ಮ ಕಡೆಯ ರೀತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನಾವು ಬಿಜಾಪುರ ಜಿಲ್ಲೆಯವರು ಒರಟರು, ಇದ್ದದ್ದು ಇದ್ದ ಹಾಗೆ ಮುಖಕ್ಕೆ ಹೊಡೆದಂತೆ ಹೇಳುವವರು ಎಂದು ತೆಂಕಣದವರ ನಂಬಿಕೆ. ಹೆಣ್ಣುಗಂಡಿನ ಮಾತಿಗೆ ಕೂತಾಗ ನಮ್ಮನ್ನು ನೋಡಬೇಕು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಒಲ್ಲೆ ಎನ್ನುವ ಮಾತು ಯಾರ ಬಾಯಿಂದಲೂ ಬರುವುದಿಲ್ಲ. "ದೀಪಾವಳಿ ಆಗ್ಲಿ," "ಸುಗ್ಗಿ ಆಗ್ಲಿ," "ಸೋಲಾಪುರದಿಂದ ನಮ್ಮ ಅಣ್ಣಾ ಬರ್ಲಿ" ಎನ್ನುತ್ತಾರೆ. ಕೇಳಿದವರು "ಆಗ್ಲಿ ಆಗ್ಲಿ, ಏನ್ ಅವಸರ" ಎಂದು ಚಹಾ ಕುಡಿದು ಎದ್ದು ಬರುತ್ತಾರೆ. ಎರಡೂ ಕಡೆಯವರ ಮರ್ಯಾದೆ ಉಳಿಯುತ್ತದೆ. ದೀಪಾವಳಿಯಾದ ಮೇಲೆ ಮತ್ತೆ ಹೋಗಿ ಬಾಗಿಲು ತಟ್ಟುವವನು ಹುಚ್ಚ.

ಆಮೇಲೆ ಮುದ್ದೇಬಿಹಾಳದ ಸಂಬಂಧ ಬಂತು. ಶಿವಲಿಂಗಪ್ಪನವರು ಎಂದು ಬಜಾರದಲ್ಲಿ ಬಟ್ಟೆ ಅರಿವೆಯ ಅಂಗಡಿ ಇಟ್ಟವರು. ಅವರ ಹಿರಿಯ ಮಗಳು ಕಸ್ತೂರಿ. ಕಿರಿಯವಳ ಮದುವೆ ಸೋದರಮಾವನ ಜೊತೆ ಮೊದಲೇ ಆಗಿಹೋಗಿ, ಹಿರಿಯವಳು ಮನೆಯಲ್ಲಿ ಉಳಿದಿದ್ದಳು. ಹೊರಡುವ ಮುಂಚೆ ಅಕ್ಕ ನನ್ನ ಕಾಲಿನ ಕಡೆ ನೋಡಿ ಹೇಳಿದಳು: "ತಮ್ಮಾ, ಆ ಕಾಲ ಹೆಬ್ಬಟ್ಟಾ ಮಾತ್ರ ಯಾರಿಗೂ ತೋರಿಸಬ್ಯಾಡ. ಮಂದಿ ಬಾಯಿ ಕೆಟ್ಟ ಐತಿ. ಉಗುರ ಹೋಗಿ ದೊಡ್ಡ ರೋಗ ಅಂತಾರ. ಆಮ್ಯಾಲೆ ಯಾರೂ ಹೆಣ್ಣ ಕೊಡೂದಿಲ್ಲ." ಅವಳು ಹೇಳಿದ ದೊಡ್ಡ ರೋಗ ಕುಷ್ಠವೆಂದು ಎಲ್ಲರಿಗೂ ಗೊತ್ತಿತ್ತು. ಆ ಕಾಲದಲ್ಲಿ ಬೆರಳಿನ ಮೇಲೆ ಒಂದು ಕಲೆ ಕಂಡರೂ ಜನ ಜಗುಲಿ ಬದಲಿಸಿ ಕೂರುತ್ತಿದ್ದರು. ನನಗೆ ಹೆದರಿಕೆಯಾಯಿತು. ಒಂದರ ಮೇಲೊಂದು ಎರಡು ಜೊತೆ ಕಾಲುಚೀಲ ಹಾಕಿಕೊಂಡು, ಅಕ್ಕ ಮತ್ತು ಅವಳ ಗಂಡ ಮಾಮಾನ ಜೊತೆ ಬಸ್ಸು ಹತ್ತಿದೆ. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಮುದ್ದೇಬಿಹಾಳ ಮುಟ್ಟುವ ಹೊತ್ತಿಗೆ ವೈಶಾಖದ ಬಿಸಿಲು ನೆತ್ತಿಗೆ ಬಂದಿತ್ತು, ಕಾಲುಗಳು ಬೇಯುತ್ತಿದ್ದವು.

ಎಲ್ಲ ಯೋಚನೆ ಮಾಡಿದ್ದೆವು, ಒಂದನ್ನು ಮರೆತಿದ್ದೆವು. ಮನೆಗೆ ಬಂದವರಿಗೆ ನಮ್ಮಲ್ಲಿ ಮೊದಲು ಕೊಡುವುದು ಕಾಲಿಗೆ ನೀರು. ಶಿವಲಿಂಗಪ್ಪನವರು ಆಳಿಗೆ ಹೇಳದೆ ತಾವೇ ತುಂಬಿದ ತಂಬಿಗೆ ಹಿಡಿದುಕೊಂಡು ಅಂಗಳದ ಚಪ್ಪಡಿಯ ಹತ್ತಿರ ನಿಂತಿದ್ದರು. ಮಾಮಾ ತೊಳೆದುಕೊಂಡ, ಅಕ್ಕ ತೊಳೆದುಕೊಂಡಳು. ನನ್ನ ಸರದಿ ಬಂತು. ಬೂಟು ಬಿಚ್ಚಿದೆ, ಕಾಲುಚೀಲಕ್ಕೆ ಬಂದು ನಿಂತೆ.

"ಬರ್ರಿ ಮಾಸ್ತರ, ಕಾಲಿಗೆ ನೀರ್ ತಗೋರಿ."

"ಬ್ಯಾಡ್ರಿ, ಇರ್ಲಿ."

"ಅಯ್ಯ, ಬಿಸಲಾಗ ಬಂದೀರಿ. ಬರ್ರಿ, ನಾ ಹಾಕ್ತೇನಿ."

"ಬ್ಯಾಡ್ರಿ, ನನಗ ರೂಢಿ ಇಲ್ರಿ."

ಅಕ್ಕ ನಡುವೆ ಬಾಯಿ ಹಾಕಿದಳು. "ಅವಂಗ ಥಂಡಿ ಆಗೇತ್ರಿ ಅಣ್ಣಾರ" ಎಂದಳು. ನನ್ನ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಶಿವಲಿಂಗಪ್ಪನವರು ನನ್ನ ಮುಖ ಒಮ್ಮೆ ನೋಡಿ, ತಂಬಿಗೆಯನ್ನು ಮೆಲ್ಲಗೆ ಕಲ್ಲಿನ ಮೇಲಿಟ್ಟು ಒಳಗೆ ಹೋದರು. ಮನೆಯ ನೀರನ್ನು ಕಾಲಿಗೂ ಮುಟ್ಟಿಸದವನು ಆ ಮನೆಯ ಹೆಣ್ಣನ್ನು ಹೇಗೆ ಒಪ್ಪಿಯಾನು? ಅಲ್ಲಿಂದ ಮುಂದೆ ಅವರು ಮಾತಾಡಿದ್ದೆಲ್ಲ ಮಾಮಾನ ಜೊತೆ, ಲಿಂಬೆಯ ಧಾರಣೆಯ ಬಗ್ಗೆ.

ಕಸ್ತೂರಿ ಉಪ್ಪಿಟ್ಟಿನ ತಟ್ಟೆ ತಂದಳು. ಚಟದಂತೆ ನಾನು ಮೊದಲು ಅವಳ ಕೈಯ ಉಗುರು ನೋಡಿದೆ. ಗಿಡ್ಡಗೆ ಕತ್ತರಿಸಿದ ಉಗುರುಗಳು. ತುದಿಯಲ್ಲಿ ಮಾತ್ರ ಮದರಂಗಿಯ ಕೆಂಪು ಉಳಿದಿತ್ತು, ಬುಡದ ಕಡೆ ಹೊಸದಾಗಿ ಬೆಳೆದ ಬಿಳುಪು. ತಂಗಿಯ ಮದುವೆಗೆ ಹಚ್ಚಿಕೊಂಡ ಮದರಂಗಿ ಅದು, ಬೆಳೆದು ಬೆಳೆದು ಅಂಚಿಗೆ ಬಂದಿದೆ ಎಂದು ನನಗೆ ತಟ್ಟನೆ ತಿಳಿಯಿತು. ನನ್ನ ಹಾಗೆ ಇವಳೂ ಒಂದು ಮನೆಯ ಮೂಲೆಯಲ್ಲಿ ಕೂತು ಉಗುರು ಬೆಳೆಯುವುದನ್ನು ನೋಡುತ್ತಿದ್ದಾಳೆ ಎನ್ನಿಸಿತು. ಮುಖ ನೋಡಿದ್ದು ಆಮೇಲೆ. ನೋಡಿ ಒಪ್ಪಿಬಿಟ್ಟೆ. "ಏನರ ಕೇಳೂದಿದ್ರ ಕೇಳ್ರಿ ಮಾಸ್ತರ" ಎಂದು ಯಾರೋ ಹಿರಿಯರು ಹೇಳಿದರು. ಅಡಿಗೆ ಬರುತ್ತದೆಯೇ, ಎಷ್ಟು ಓದಿದ್ದೀರಿ ಎಂದು ಕೇಳುವ ಬದಲು ನನ್ನ ಬಾಯಿಂದ ಬಂದದ್ದು ಇದು: "ಉಗುರ ಯಾಕ ಬೆಳಿತಾವ, ಗೊತ್ತೈತೇನ್ರಿ?"

ಅಕ್ಕ ನನ್ನ ತೊಡೆ ಚಿವುಟಿದಳು. ಕಸ್ತೂರಿ ತಲೆ ಎತ್ತಲಿಲ್ಲ. ಸ್ವಲ್ಪ ಯೋಚಿಸಿ, "ಕತ್ತರಿಸವ್ರು ಇದ್ದಾರಂತ ಬೆಳಿತಾವ್ರಿ" ಎಂದಳು. ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು. ನಾನೂ ನಕ್ಕೆ. ಅಷ್ಟು ಬಾಯಿ ತುಂಬ ನಕ್ಕು ಎಷ್ಟು ಕಾಲವಾಗಿತ್ತೋ. ಶಿವಲಿಂಗಪ್ಪನವರು ಮಾತ್ರ ನಗಲಿಲ್ಲ. ಹೊರಡುವಾಗ, "ಆತ್ರಿ, ಕಾರಹುಣ್ಣಿಮಿ ಆಗ್ಲಿ, ನೋಡೂಣು" ಎಂದರು. ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ಅಕ್ಕ "ನೀರ್ ಬ್ಯಾಡ ಅಂದ್ರ ಹೆಣ್ಣ ಬ್ಯಾಡ ಅಂದಂಗ. ಇಬ್ರೂ ಕೂಡಿ ಕೆಡಿಸಿದ್ವಿ ನೋಡು" ಎಂದು ಕಣ್ಣೊರೆಸಿಕೊಂಡಳು.

ಕಾರಹುಣ್ಣಿಮೆಯೂ ಆಯಿತು, ನಾಗರಪಂಚಮಿಯೂ ಆಯಿತು. ನನಗೆ ಕೋಣೆಯಲ್ಲಿ ಕೂರುವುದು ಮೊದಲಿನಷ್ಟು ಸುಲಭವಾಗಲಿಲ್ಲ. ಒಬ್ಬನೇ ಇರುವುದು ಒಂದು ರೂಢಿ, ಆದರೆ ಇಂಥವಳೊಬ್ಬಳು ಇರಬಹುದಿತ್ತು ಎಂದು ಗೊತ್ತಾದ ಮೇಲೆ ಒಬ್ಬನೇ ಇರುವುದು ಕಷ್ಟ. ಉಗುರಿನ ಮುಖ ನೋಡಿದರೆ ಸಿಟ್ಟು ಬರುತ್ತಿತ್ತು. "ನಿನ್ನಿಂದ, ಎಲ್ಲಾ ನಿನ್ನಿಂದ" ಎಂದು ಬೈಯುತ್ತಿದ್ದೆ. ಕಾಕು ಹೇಳಿದ ಜಗಳ ಕೊನೆಗೂ ಮನೆಯೊಳಗೆ ಶುರುವಾಗಿತ್ತು.

ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತೆರೆದಿಟ್ಟುಕೊಂಡು, ಪರಾತದಲ್ಲಿ ಬಿಸಿನೀರು ಹಾಕಿ ಕಾಲು ನೆನೆಸಿಕೊಂಡು ಕೂತಿದ್ದೆ. ಉಗುರು ಮೆತ್ತಗಾದರೆ ಅರದಿಂದ ತಿಕ್ಕಬಹುದೆಂದು ನನ್ನ ವಿಜ್ಞಾನ. ಹೊಸ್ತಿಲಲ್ಲಿ ಯಾರೋ ನಿಂತ ಹಾಗಾಯಿತು. ತಲೆ ಎತ್ತಿದರೆ ಶಿವಲಿಂಗಪ್ಪನವರು! ಕಾಲು ಬಚ್ಚಿಡಲು ಜಾಗವಿರಲಿಲ್ಲ. ಅವರು ಸೀದಾ ಬಂದು, ಬಗ್ಗಿ, ಪರಾತದೊಳಗೆ ಇಣುಕಿದರು.

"ಅವತ್ತ ಮುಚ್ಚಿಟ್ಟಿದ್ದು ಇದ ಏನ್ರಿ?"

"ಹೌದ್ರಿ" ಎಂದೆ. "ಸಾಲಿ ಗಂಟಿ ಬಿದ್ದಿತ್ರಿ. ದೊಡ್ಡ ರೋಗ ಅಲ್ರಿ, ಖರೇನ."

ಅವರು ನಕ್ಕ ನಗು ಕಾಕುವಿನ ಮನೆಗೂ ಕೇಳಿಸಿತು. ತಮ್ಮ ಚಪ್ಪಲಿ ಬಿಚ್ಚಿ, ಎಡಗಾಲಿನ ಕಿರುಬೆರಳು ತೋರಿಸಿದರು. ಅದರ ಮೇಲೆ ಉಗುರೇ ಇರಲಿಲ್ಲ. "ಅರಿವಿ ಗಂಟು ಇಳಸೂ ಮುಂದ ಗಾಡಿ ಗಾಲಿ ಹಾದು ಹೋತ್ರಿ. ಇದಕ್ಕ ನೀವ್ ಇಷ್ಟ್ ಅಂಜಿದ್ರೇನು? ನಾವ್ ಏನೇನೋ ತಿಳಕೊಂಡಿದ್ವಿ. ನಮ್ಮ ಕಸ್ತೂರಿನ ನಿಮ್ಮ ಕಾಲಚೀಲಾ ನೋಡಿ ಅಂದ್ಳು, ಅಪ್ಪಾ, ಅವ್ರಿಗೆ ಕಾಲಾಗ ಏನೋ ಆಗೇತಿ, ಮನಸಿನಾಗ ಏನೂ ಇಲ್ಲ, ಹೋಗಿ ಒಂದ್ ಸಲ ನೋಡಿ ಬಾ ಅಂತ. ಎಷ್ಟ್ ದಿನದಿಂದ ಅನ್ನಾಕತ್ತಾಳ." ನಾನು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತೇ ಇದ್ದೆ. ಅಷ್ಟು ದೂರದ ಮನೆಯಲ್ಲಿ ನನ್ನ ಕಾಲಿನ ಬಗ್ಗೆ ಒಬ್ಬಳು ಯೋಚನೆ ಮಾಡುತ್ತಿದ್ದಾಳೆ. ನನ್ನ ತಾಯಿ ತೀರಿದ ಮೇಲೆ ನನ್ನ ಕಾಲಿಗೆ ಅಂಥ ಯೋಗ ಬಂದಿರಲಿಲ್ಲ.

ಅವರು ಹೊರಡುವಾಗ ಕೇಳಿದರು, "ಮತ್ತ ಯಾವಾಗ ಬರ್ತೀರಿ, ಮಾಸ್ತರ?" ಇಲ್ಲಿ ನನ್ನ ಬುದ್ಧಿ ನೋಡಿ. ನಾಳೆಯೇ ಬರ್ತೇನ್ರಿ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವರು ಅಷ್ಟು ಒಳ್ಳೆಯತನ ತೋರಿಸಿದಾಗ ನಾನೂ ಏನಾದರೂ ಒಳ್ಳೆಯದು ಮಾಡಬೇಕೆನ್ನಿಸಿತು. ಮದುವೆಯಲ್ಲಿ ಮಾವ ಅಳಿಯನ ಕಾಲು ತೊಳೆಯುತ್ತಾನೆ, ಸುತ್ತಲೂ ಮಂದಿ ನಿಂತು ನೋಡುತ್ತಾರೆ. ಇಂಥ ಮನುಷ್ಯನ ಕೈಗೆ ಟಗರಿನ ಕೊಂಬು ಕೊಡುವುದೇ? ಕಸ್ತೂರಿಯ ಕಣ್ಣೆದುರಿಗೆ? ನಾನು ಎದೆ ತುಂಬಿ ಹೇಳಿದೆ: "ಇದನ್ನ ತಗಸಿ ಬಿಡ್ತೇನ್ರಿ. ಹೊಸಾ ಉಗುರ ಬಂದ ಮ್ಯಾಲೆ ಬರ್ತೇನಿ." ಶಿವಲಿಂಗಪ್ಪನವರು "ಆಗ್ಲಿ ಆಗ್ಲಿ. ಏನ್ ಅವಸರ" ಎಂದು ಚಪ್ಪಲಿ ಮೆಟ್ಟಿಕೊಂಡರು.

ಮರುವಾರವೇ ಬಾಗೇವಾಡಿಗೆ ಹೋಗಿ, ಅಲ್ಲಿಯ ಒಬ್ಬ ಡಾಕ್ಟರರ ಕೈಯಲ್ಲಿ ಉಗುರು ಕೀಳಿಸಿಕೊಂಡೆ. ನೋವಿನ ಬಗ್ಗೆ ಬರೆಯುವುದಿಲ್ಲ, ಇಂಥ ಪ್ರಬಂಧಕ್ಕೆ ಶೋಭಿಸುವುದಿಲ್ಲ. ಡಾಕ್ಟರರು ಹಚ್ಚಲು ಮುಲಾಮು ಕೊಟ್ಟು, ಬೂಟು ಬಿಟ್ಟು ಚಪ್ಪಲಿ ಹಾಕಿರಿ ಎಂದು ಹೇಳಿ, "ಬೇರು ಚೊಲೊ ಐತಿ, ಆದ್ರ ಸಾವಕಾಶ ಬರತೈತ್ರಿ, ವರ್ಷದ ಮ್ಯಾಲೇ ಹಿಡಿಬಹುದು" ಎಂದರು. ಸಾವಕಾಶ ಎಂದರೆ ಎಷ್ಟು ಸಾವಕಾಶ ಎಂದು ಹಲಗೆಯ ಮೇಲೆ ಬರೆದವನಿಗೆ ಗೊತ್ತಿತ್ತು, ಬೆರಳಿನ ಒಡೆಯನಿಗೆ ಗೊತ್ತಿರಲಿಲ್ಲ. ಬುಡದಲ್ಲಿ ಸಜ್ಜೆಯ ಸಿಪ್ಪೆಯಂಥ ಒಂದು ಚೂರು ಕಂಡ ದಿನ ಪೇಡೆ ತಂದು ಕಾಕುವಿಗೆ ಕೊಟ್ಟೆ. "ಏನ್ ವಿಶೇಷ್ರಿ?" ಎಂದರು. "ಬಂತ್ರಿ" ಎಂದೆ. ಅವರಿಗೆ ಏನು ತಿಳಿಯಿತೋ, ದೇವರ ಮುಂದಿಟ್ಟು ತಿಂದರು. ಆ ದಿನಗಳಲ್ಲಿ ನನ್ನಷ್ಟು ಸುಖಿ ಸಿಂದಗಿಯಲ್ಲಿ ಇರಲಿಲ್ಲವೇನೋ. ಸಂಜೆ ಕಟ್ಟೆಯ ಮೇಲೆ ಕೂತು ಕಾಲಿನ ಜೊತೆ ಮೃದುವಾಗಿ ಮಾತಾಡುತ್ತಿದ್ದೆ. ಮನಸ್ಸಿನಲ್ಲಿ ಕಸ್ತೂರಿಯ ಜೊತೆಗೂ ಮಾತಾಡುತ್ತಿದ್ದೆ, ಅವಳ ಉತ್ತರಗಳನ್ನೂ ನಾನೇ ಹೇಳಿಕೊಳ್ಳುತ್ತಿದ್ದೆ. ಅಕ್ಕ ಬಂದಾಗಲೆಲ್ಲ "ಒಂದ್ ಸಲ ಹೋಗಿ ಬರೂಣಲ್ಲ?" ಎಂದು ಕೇಳುತ್ತಿದ್ದಳು. "ಇನ್ನೂ ಅರ್ಧ ಐತಿ ಅಕ್ಕಾ. ಅರ್ಧ ಉಗುರ ತಗೊಂಡ ಹೋಗೂದು ಛಂದ ಕಾಣೂದಿಲ್ಲ" ಎನ್ನುತ್ತಿದ್ದೆ.

ಉಗುರು ತುದಿ ಮುಟ್ಟಿತು. ನುಣ್ಣಗೆ, ತೆಳ್ಳಗೆ, ಗುಲಾಬಿ ಬಣ್ಣಕ್ಕೆ, ನಾನು ಹಲಗೆಯ ಮೇಲೆ ಬರೆಯುತ್ತಿದ್ದ ಚಿತ್ರಕ್ಕಿಂತ ಚೆನ್ನಾಗಿ ಬಂತು. ಹೊಸ ಧೋತರ ಉಟ್ಟುಕೊಂಡು, ಹೊಸ ಚಪ್ಪಲಿ ಮೆಟ್ಟಿಕೊಂಡು, ಯಾರಿಗೂ ಹೇಳದೆ ಒಬ್ಬನೇ ಮುದ್ದೇಬಿಹಾಳಕ್ಕೆ ಹೋದೆ. ಶಿವಲಿಂಗಪ್ಪನವರು ನನ್ನನ್ನು ನೋಡಿ ತಬ್ಬಿಬ್ಬಾದರು. ಆದರೂ ತಾವೇ ತಂಬಿಗೆ ತಂದರು. ನಾನು ಚಪ್ಪಡಿಯ ಮೇಲೆ ನಿಂತು ಬಲಗಾಲು ಮುಂದೆ ಚಾಚಿದೆ. ಅವರು ನೀರು ಹಾಕುತ್ತ ಹಾಕುತ್ತ ನಿಲ್ಲಿಸಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ಛಲೋ ಬಂದೈತ್ರಿ ಉಗುರು" ಎಂದರು.

"ಹೌದ್ರಿ. ಹೇಳಿದ್ನಲ್ರಿ."

"ಹೇಳಿದ್ರಿ. ಖರೇ ಹೇಳಿದ್ರಿ ಅಂತ ನಮಗೇನ ಗೊತ್ತ್ರಿ ಮಾಸ್ತರ? ಮಂದಿ ಸುಗ್ಗಿ ಆಗ್ಲಿ ಅಂತಾರ, ದೀಪಾವಳಿ ಆಗ್ಲಿ ಅಂತಾರ. ಕಲತ ಮನಷ್ಯಾ, ಒಲ್ಲೆ ಅನ್ನೂದ್ನ ಹಿಂಗ ಹೇಳಿದ ಅಂತ ತಿಳಕೊಂಡ್ವಿ." ತಂಬಿಗೆಯಲ್ಲಿ ಉಳಿದ ನೀರನ್ನು ಅವರು ನನ್ನ ಎಡಗಾಲಿಗೆ ಹಾಕಿದರು. "ಕಸ್ತೂರಿ ಒಂದ್ ವರ್ಷ ತಡದ್ಳ್ರಿ. ಉಗುರ ಬರಾಕ ವ್ಯಾಳ್ಯಾ ಹಿಡಿತೈತಿ ಅಪ್ಪಾ ಅಂತಿದ್ಳು. ನಾವ ಕೇಳ್ಲಿಲ್ಲ. ನಾಲತವಾಡಕ್ಕ ಕೊಟ್ವಿ."

ಒಳಗಿಂದ ಚಹಾ ಬಂತು. ಕುಡಿದೆ. ಅಳಿಯ ಏನು ಮಾಡುತ್ತಾನೆ ಎಂದು ಕೇಳಿದೆ, ಅವರು ಹೇಳಿದರು, ನನಗೆ ಒಂದೂ ಕೇಳಿಸಲಿಲ್ಲ. ಬಸ್‌ಸ್ಟ್ಯಾಂಡಿನವರೆಗೂ ಅವರು ನನ್ನ ಜೊತೆ ನಡೆದುಕೊಂಡು ಬಂದರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತೆ. ಪಕ್ಕದಲ್ಲಿ ಕೂತಿದ್ದ ಮುದುಕ ನನ್ನ ಕಾಲು ನೋಡಿ, ಮುಖ ನೋಡಿ, ಚಪ್ಪಲಿ ಕಚ್ಚಿರಬೇಕು ಎಂದು ತಿಳಿದು, ಬಿಚ್ಚಿ ಕೂರಿ ಎಂದ.

ಮರುವರ್ಷ ಅಕ್ಕ ಲಚ್ಯಾಣದ ಒಂದು ಮನೆ ತೋರಿಸಿದಳು. ಒಳ್ಳೆಯ ರೈತರ ಮನೆ, ಹುಡುಗಿ ನಗುಮುಖದವಳು. ನಾನು ಯಾರೂ ಹೇಳುವ ಮೊದಲೇ ಕಾಲು ತೊಳೆದುಕೊಂಡೆ, ಉಗುರಿನ ಪ್ರಶ್ನೆ ಕೇಳಲಿಲ್ಲ, ಎಲ್ಲ ಸರಿಯಾಗಿಯೇ ನಡೆಯಿತು. ಹೊರಡುವಾಗ ಹುಡುಗಿಯ ತಂದೆ ಕೈಮುಗಿದು, "ಸುಗ್ಗಿ ಒಂದ್ ಆಗ್ಲಿ ಮಾಸ್ತರ, ಆಮ್ಯಾಲೆ ಬರ್ರಿ, ಕುಂತು ಮಾತಾಡೂಣು" ಎಂದರು. ನಮ್ಮ ಕಡೆಯ ರೀತಿ ತಿಳಿದವನಲ್ಲವೇ ನಾನು? "ಆಗ್ಲಿ ಆಗ್ಲಿ, ಏನ್ ಅವಸರ" ಎಂದು ಕೈಮುಗಿದು ಬಸ್ಸು ಹತ್ತಿದೆ. ಒಳಗೆ ಹೆಂಗಸರ ಜೊತೆಗಿದ್ದ ಅಕ್ಕ "ಏನಂದ್ರು?" ಎಂದು ಕೇಳಿದಳು. "ಸುಗ್ಗಿ ಆಗ್ಲಿ ಅಂದ್ರು" ಎಂದೆ. ಅವಳು ನಿಟ್ಟುಸಿರು ಬಿಟ್ಟಳು. ಸುಗ್ಗಿಯಾಯಿತು, ನಾವು ಆ ಕಡೆ ಹೋಗಲಿಲ್ಲ. ಅಲ್ಲಿಂದ ಎಷ್ಟೋ ಸುಗ್ಗಿಗಳಾದವು. ಈಗ ವಯಸ್ಸಾಗಿ, ಬಗ್ಗಿ ಕಾಲುಗುರು ಕತ್ತರಿಸಿಕೊಳ್ಳುವುದೇ ಕಷ್ಟವಾದ ಮೇಲೆ, ಒಂದೊಂದು ಮಧ್ಯಾಹ್ನ ಅವತ್ತಿನದು ನೆನಪಾಗುತ್ತದೆ. ಲಚ್ಯಾಣದಿಂದ ಬಸ್ಸು ಹೊರಟಾಗ ದಾರಿಯ ಎರಡೂ ಬದಿಗೆ ಜೋಳ ತೆನೆ ತುಂಬಿ ನಿಂತಿತ್ತು. ಆ ಮನೆಯವರ ಹೊಲವನ್ನು ಅಕ್ಕ ಕೈ ಮಾಡಿ ತೋರಿಸಿದ್ದಳು. ಅಲ್ಲಿ ಸುಗ್ಗಿ ಖರೇನೇ ಇನ್ನೂ ಆಗಿರಲಿಲ್ಲ. ನಾನು ನನ್ನ ಕಣ್ಣಾರೆ ನೋಡಿದ್ದೆ.